ಫ್ರೆಂಚಿನ ‘ಲ’ ಮತ್ತು ‘ಲ್ವಿ’: ಕನ್ನಡದ ವಿಭಕ್ತಿ ಎಲ್ಲಿ ಕೈಹಿಡಿಯುತ್ತೆ, ಎಲ್ಲಿ ಕೈಕೊಡುತ್ತೆ?

ಕುಶಲಪ್ರಶ್ನೆ:
ನೇರ ಕರ್ಮ ಮತ್ತು ಪರೋಕ್ಷ ಕರ್ಮದ ಸರ್ವನಾಮಗಳನ್ನು ನಾವು ಸಾಮಾನ್ಯವಾಗಿ ಇಂಗ್ಲಿಷ್ ಮೂಲಕ ಕಲಿಯುತ್ತೇವೆ. ಇಂಗ್ಲಿಷಿನಲ್ಲಿ ‘ಅವನನ್ನು’ ಎನ್ನಲೂ ‘ಅವನಿಗೆ’ ಎನ್ನಲೂ ‘ಹಿಮ್’ ಒಂದೇ. ಫ್ರೆಂಚಿನಲ್ಲಿ ಎರಡು ಬೇರೆ: ‘ಲ’ ಮತ್ತು ‘ಲ್ವಿ’. ಕನ್ನಡದಲ್ಲೂ ಎರಡು ಬೇರೆಯೇ. ಹಾಗಿದ್ದಾಗ ‘ಅನ್ನು’ ಬಂದಲ್ಲಿ ‘ಲ, ಲಾ, ಲೆ’, ‘ಗೆ’ ಬಂದಲ್ಲಿ ‘ಲ್ವಿ, ಲರ್’ ಎಂದು ಹಿಡಿದರೆ ಎಷ್ಟು ದೂರ ಹೋಗಬಹುದು?

ಚರ್ಚೆಗೆಂದು ಕನ್ನಡಿಗರ ಬರಹದಲ್ಲಿ ಮತ್ತೆ ಮತ್ತೆ ಕಾಣುವ ಐದು ತಪ್ಪು ವಾಕ್ಯ ಕೊಡುತ್ತಿದ್ದೇನೆ.

1. ಅವನಿಗೆ ಸಹಾಯ ಮಾಡುತ್ತೇನೆ: ‘ಜ಼ ಲ್ವಿ ಎದ್’
2. ಅವನನ್ನು ಕೇಳುತ್ತೇನೆ: ‘ಜ಼ ಲ ದಮಾಂದ್’
3. ಮೇಷ್ಟ್ರಿಗೆ ಹೇಳಿದೆ, ಅಂದರೆ ಅವರಿಗೆ ಹೇಳಿದೆ: ‘ಜ಼ ಲರ್ ಎ ದಿ’
4. ಪುಸ್ತಕ ಓದಿದ್ಯಾ? ಹೂಂ, ಓದಿದೆ: ‘ವುಯಿ, ಜ಼ೆ ಲ್ಯು’
5. ನಿನ್ನನ್ನು ಅವನಿಗೆ ಪರಿಚಯ ಮಾಡಿಸುತ್ತೇನೆ: ‘ಜ಼ ತ ಲ್ವಿ ಪ್ರೆಜ಼ಾಂತ್’

ಲಿಪಿಯ ಬಗ್ಗೆ ಒಂದು ಮಾತು. ಇಲ್ಲಿ ಎಲ್ಲವನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆಯೋಣ. ಹ್ರಸ್ವ ‘ಲ’ ಪುಲ್ಲಿಂಗ, ದೀರ್ಘ ‘ಲಾ’ ಸ್ತ್ರೀಲಿಂಗ, ‘ಲೆ’ ಬಹುವಚನ. ‘ಜ಼’ ಅಂದರೆ ‘ನಾನು’, ‘ಜ಼ೆ’ ಅಂದರೆ ಅದಕ್ಕೆ ಭೂತಕಾಲದ ಸಹಾಯಕ ಕ್ರಿಯಾಪದ ‘ಎ’ ಅಂಟಿಕೊಂಡ ರೂಪ.

ನದಿಮೂಲ:
ಬಹಳ ದೂರ ಹೋಗಬಹುದು. ಕೊಡು, ಹೇಳು, ತೋರಿಸು, ಬರೆ, ಕಲಿಸು, ಉತ್ತರಿಸು, ಮಾತು ಕೊಡು: ಇವೆಲ್ಲ ಎರಡೂ ಭಾಷೆಯಲ್ಲಿ ‘ಗೆ’ ಗುಂಪು. ನೋಡು, ಹುಡುಕು, ಕರೆ, ನಂಬು, ಪ್ರೀತಿಸು: ಎರಡರಲ್ಲೂ ‘ಅನ್ನು’ ಗುಂಪು. ‘ಹುಡುಕು’, ‘ನೋಡು’ ಕ್ರಿಯಾಪದಗಳಿಗೆ ಇಂಗ್ಲಿಷಿನಲ್ಲಿ ‘ಫಾರ್’, ‘ಅಟ್’ ಬೇಕು, ಫ್ರೆಂಚಿನ ‘ಶೆರ್ಶೆ’, ‘ರಗಾರ್ದೆ’ಗೆ ಏನೂ ಬೇಡ. ಇಂಗ್ಲಿಷ್ ಮಾತಾಡುವವರು ಎಡವುವ ಈ ಜಾಗದಲ್ಲಿ ನಮಗೆ ತೊಡಕೇ ಇಲ್ಲ.

ಇನ್ನೂ ದೊಡ್ಡ ಲಾಭವಿರುವುದು ‘ನನಗೆ’ ಎಂದು ಶುರುವಾಗುವ ವಾಕ್ಯಗಳಲ್ಲಿ. ನನಗೆ ಇಷ್ಟ: ‘ಸಾ ಮ ಪ್ಲೆ’. ಅವನಿಗೆ ಸಮಯ ಬೇಕು: ‘ಇಲ್ ಲ್ವಿ ಫೋ ದ್ಯು ತಾಂ’. ಇಷ್ಟಪಡುವವನನ್ನು, ಬೇಕಾದವನನ್ನು ಕರ್ತೃ ಮಾಡದೆ ‘ಗೆ’ ಹಚ್ಚುವುದು ಕನ್ನಡದ ಸಹಜ ನಡೆ, ಫ್ರೆಂಚಿನದೂ ಹೌದು. ‘ನೀನಿಲ್ಲದೆ ನನಗೆ ಬೇಸರ’ ಎನ್ನುವ ‘ತ್ಯು ಮ ಮಾಂಕ್’ ಕೂಡ ಇದೇ ಜಾತಿ. ಅಲ್ಲಿ ಕರ್ತೃ ‘ನೀನು’, ಕೊರತೆ ‘ನನಗೆ’. ಇಂಗ್ಲಿಷಿನಿಂದ ಬಂದರೆ ಈ ವಾಕ್ಯ ತಲೆಕೆಳಗಾಗಿ ಕಾಣುತ್ತದೆ, ಕನ್ನಡದಿಂದ ಬಂದರೆ ನೆಟ್ಟಗೇ ಇದೆ.

ಇನ್ನು ಕೈಕೊಡುವ ಕಡೆ. ನಿಮ್ಮ 1ನೇ ವಾಕ್ಯಕ್ಕೆ ಒಂದು ಖಚಿತ ಕಾರಣವಿದೆ. ಕನ್ನಡದಲ್ಲಿ ‘ಸಹಾಯ ಮಾಡು’ ಎರಡು ಪದ. ‘ಸಹಾಯ’ ಎಂಬ ನಾಮಪದ ಕರ್ಮದ ಜಾಗ ಹಿಡಿದು ಕೂತಿರುವುದರಿಂದ ಮನುಷ್ಯನಿಗೆ ‘ಗೆ’ ಮಾತ್ರ ಉಳಿಯುತ್ತದೆ. ಫ್ರೆಂಚಿನ ‘ಎದೆ’ ಒಂದೇ ಪದ, ಕರ್ಮದ ಜಾಗ ಖಾಲಿ, ಮನುಷ್ಯ ನೇರವಾಗಿ ಅಲ್ಲಿಗೆ ಬರುತ್ತಾನೆ: ‘ಜ಼ ಲೆದ್’. ಧನ್ಯವಾದ ಹೇಳು (ರಮೆರ್ಸಿಯೆ), ಅಭಿನಂದನೆ ಹೇಳು (ಫೆಲಿಸಿತೆ), ಚಿಕಿತ್ಸೆ ಕೊಡು (ಸ್ವಾನ್ಯೆ), ನಮಸ್ಕಾರ ಮಾಡು (ಸಾಲ್ಯುಎ), ಬೆದರಿಕೆ ಹಾಕು (ಮನಾಸೆ) ಎಲ್ಲಕ್ಕೂ ಇದೇ ಕಾರಣ. ಎಲ್ಲವೂ ಫ್ರೆಂಚಿನಲ್ಲಿ ನೇರ ಕರ್ಮದವು.

ಈ ವಿವರಣೆಗೆ ಸಿಗದ ಮೂರನ್ನು ಬಾಯಿಪಾಠ ಮಾಡಬೇಕು. ಕನ್ನಡದಲ್ಲಿ ಅವನಿಗೆ ಹೊಡೆ, ಅವನಿಗೆ ಬಯ್ಯು, ಅವನಿಗಾಗಿ ಕಾಯು. ಫ್ರೆಂಚಿನಲ್ಲಿ ‘ಫ್ರಾಪೆ’, ‘ಎಂಸ್ಯುಲ್ತೆ’, ‘ಅತಾಂದ್ರ್’ ಮೂರೂ ನೇರ. ‘ಜ಼ ಲತಾಂ’ ಎಂದರೆ ಅವನಿಗಾಗಿ ಕಾಯುತ್ತಿದ್ದೇನೆ.

ಸಂಜೆತರಗತಿ:
ನದಿಮೂಲ ಹೇಳಿದ್ದು ಒಂದು ದಿಕ್ಕು. ತಿರುಗುಮುರುಗಾದ ದಿಕ್ಕನ್ನೂ ಸೇರಿಸುತ್ತೇನೆ: ಕನ್ನಡದಲ್ಲಿ ‘ಅನ್ನು’, ಫ್ರೆಂಚಿನಲ್ಲಿ ‘ಲ್ವಿ’. ಇದು ಚಿಕ್ಕ ಗುಂಪು, ಆದರೆ ದಿನಬಳಕೆಯದು.

ಮೊದಲನೆಯದು ‘ದಮಾಂದೆ’. ‘ಅವನನ್ನು ಕೇಳು’ ಅನ್ನುತ್ತೇವೆ, ಫ್ರೆಂಚಿನಲ್ಲಿ ಕೇಳಿದ ವಿಷಯ ನೇರ ಕರ್ಮ, ಕೇಳಿಸಿಕೊಂಡವನು ಪರೋಕ್ಷ: ‘ಜ಼ ಲ್ವಿ ದಮಾಂದ್’. ಧಾರವಾಡದ ಕಡೆ ‘ಅವಂಗ ಕೇಳು’ ಎನ್ನುವುದುಂಟು, ಆ ನುಡಿಗಟ್ಟಿನವರಿಗೆ ಇದು ಹೊಸದೆನಿಸದು. ಎರಡನೆಯದು ‘ರಸಾಂಬ್ಲೆ’: ಮಗಳು ತಾಯಿಯನ್ನು ಹೋಲುತ್ತಾಳೆ, ‘ಎಲ್ ಲ್ವಿ ರಸಾಂಬ್ಲ್’.

ಇವೆರಡಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ‘ಇಂದ’ ಗುಂಪು. ಅವನಿಂದ ಸಾಲ ತೆಗೆದುಕೊಂಡೆ, ಅವನಿಂದ ಕದ್ದೆ, ಅವನಿಂದ ಕೊಂಡೆ, ಅವನಿಂದ ಮುಚ್ಚಿಟ್ಟೆ. ಕೊಡುವುದಕ್ಕೆ ಚತುರ್ಥಿ ಸರಿ, ಕಸಿದುಕೊಳ್ಳುವುದಕ್ಕೂ ಚತುರ್ಥಿಯೇ ಎಂದು ನಮಗೆ ಹೊಳೆಯುವುದೇ ಇಲ್ಲ. ಆದರೆ ‘ಆಂಪ್ರಂತೆ’, ‘ವೊಲೆ’, ‘ಅಶ್ತೆ’, ‘ಕಾಶೆ’ ಎಲ್ಲಕ್ಕೂ ‘ಲ್ವಿ’ಯೇ ಬರುತ್ತದೆ. ‘ಜ಼ ಲ್ವಿ ಎ ಆಂಪ್ರಂತೆ ದಿಜ಼್ ಎರೊ’ ಎಂದರೆ ಅವನಿಗೆ ಹತ್ತು ಯೂರೋ ಸಾಲ ಕೊಟ್ಟೆ ಎಂದಲ್ಲ, ಅವನಿಂದ ತೆಗೆದುಕೊಂಡೆ. ಕೊಟ್ಟರೆ ಕ್ರಿಯಾಪದವೇ ಬೇರೆ, ‘ಪ್ರೆತೆ’. ‘ಲ್ವಿ ಅಶ್ತೆ’ಯಲ್ಲಿ ಅವನಿಂದ ಕೊಳ್ಳುವುದು, ಅವನಿಗಾಗಿ ಕೊಳ್ಳುವುದು ಎರಡೂ ಅರ್ಥ ಸಾಧ್ಯ, ಸಂದರ್ಭ ನೋಡಿ ತಿಳಿಯಬೇಕು.

‘ಫೋನ್ ಮಾಡು’ವಿಗೆ ಎರಡು ಕ್ರಿಯಾಪದಗಳಿವೆ, ಎರಡರ ನಡತೆ ಬೇರೆ. ‘ತೆಲೆಫೊನೆ’ ಪರೋಕ್ಷ: ‘ಜ಼ ಲ್ವಿ ತೆಲೆಫೊನ್’. ‘ಆಪ್ಲೆ’ ನೇರ: ‘ಜ಼ ಲಾಪೆಲ್’. ಒಂದನ್ನು ಕಲಿತು ಇನ್ನೊಂದಕ್ಕೆ ಅದೇ ಸರ್ವನಾಮ ಹಚ್ಚುವುದು ಬರವಣಿಗೆಯಲ್ಲಿ ತುಂಬಾ ಸಾಮಾನ್ಯ.

ಕಲಿಯುವ ಕ್ರಮ ಒಂದೇ. ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ನಿಘಂಟಿನಲ್ಲಿ ಅದರ ಜೊತೆ ‘ಕೆಲ್ಕಂ’ (ಯಾರನ್ನೋ) ಇದೆಯೋ, ‘ಆ ಕೆಲ್ಕಂ’ (ಯಾರಿಗೋ) ಇದೆಯೋ ನೋಡಿ ಇಡಿಯಾಗಿ ಬರೆಯಿರಿ: ‘ಎದೆ ಕೆಲ್ಕಂ’, ‘ದಮಾಂದೆ ಕೆಲ್ಕ ಶೋಜ಼್ ಆ ಕೆಲ್ಕಂ’. ನಡುವಿನ ಆ ಒಂದಕ್ಷರ ‘ಆ’ ಇದ್ದರೆ ‘ಲ್ವಿ’, ಇಲ್ಲದಿದ್ದರೆ ‘ಲ’. ಕನ್ನಡದ ಜೊತೆ ಹೊಂದದ ಕ್ರಿಯಾಪದಗಳಿಗೆ ಮಾತ್ರ ಬೇರೆ ಬಣ್ಣದ ಶಾಯಿ ಸಾಕು. ಮೊದಲ ಹಂತಕ್ಕೆ ಅವು ಇಪ್ಪತ್ತು ದಾಟುವುದಿಲ್ಲ.

ಅಂಚೆಪೆಟ್ಟಿಗೆ:
3ನೇ ವಾಕ್ಯದ ತಪ್ಪು ವಿಭಕ್ತಿಯದಲ್ಲ, ಮರ್ಯಾದೆಯದು. ಕನ್ನಡದಲ್ಲಿ ಮೇಷ್ಟ್ರು, ಅತ್ತೆ, ಡಾಕ್ಟರು ಎಲ್ಲರೂ ‘ಅವರು’. ಫ್ರೆಂಚಿನ ಪ್ರಥಮ ಪುರುಷದಲ್ಲಿ ಗೌರವ ಬಹುವಚನವೇ ಇಲ್ಲ. ಒಬ್ಬರೇ ಮೇಷ್ಟ್ರಾದರೆ ‘ಲ್ವಿ’, ಇಬ್ಬರಿದ್ದರೆ ಮಾತ್ರ ‘ಲರ್’. ‘ಜ಼ ಲ್ವಿ ಎ ದಿ’ ಎಂದರೆ ಅಗೌರವ ಆಗುವುದಿಲ್ಲ. ಎದುರಿಗಿರುವವರಿಗೆ ಗೌರವ ‘ವು’ ಉಂಟು, ಅದು ನಮ್ಮ ‘ನಿಮಗೆ, ನಿಮ್ಮನ್ನು’ ಎರಡಕ್ಕೂ ಆಗುತ್ತದೆ. ‘ಮ, ತ, ನು, ವು’ಗಳಲ್ಲಿ ನೇರ, ಪರೋಕ್ಷ ಎಂಬ ರೂಪಭೇದವಿಲ್ಲ, ಆಯ್ಕೆಯ ತಲೆನೋವು ‘ಅವನು, ಅವಳು, ಅವರು, ಅದು’ಗಳಲ್ಲಿ ಮಾತ್ರ.

‘ಲ್ವಿ’ಗೆ ಲಿಂಗ ಇಲ್ಲ ಎಂಬುದೂ ನೆನಪಿರಲಿ. ಅವನಿಗೆ, ಅವಳಿಗೆ ಎರಡೂ ಅದೇ. ‘ಅವಳಿಗೆ’ ಎನ್ನಲು ಕ್ರಿಯಾಪದದ ಮುಂದೆ (ಅಂದರೆ ಅದಕ್ಕಿಂತ ಮೊದಲು) ‘ಲಾ’ ಹಾಕುವವರು ನೇರ ಕರ್ಮದ ಲಿಂಗಭೇದವನ್ನು ಇಲ್ಲಿಗೂ ಎಳೆದು ತರುತ್ತಿದ್ದಾರೆ.

‘ಅದಕ್ಕೆ’ ಬಂದಾಗ ಎಚ್ಚರ. ಪತ್ರಕ್ಕೆ ಉತ್ತರಿಸುತ್ತೇನೆ: ‘ಜ಼ಿ ರೆಪೋಂ’, ಇಲ್ಲಿ ಸರ್ವನಾಮ ‘ಇ’. ಅಕ್ಕನಿಗೆ ಉತ್ತರಿಸುತ್ತೇನೆ: ‘ಜ಼ ಲ್ವಿ ರೆಪೋಂ’. ನಾಯಿಗೂ ನಾವು ‘ಅದಕ್ಕೆ’ ಅನ್ನುತ್ತೇವೆ, ಆದರೆ ಫ್ರೆಂಚಿನಲ್ಲಿ ಪ್ರಾಣಿ ಜೀವಂತರ ಸಾಲಿನದು. ನಾಯಿಗೆ ಊಟ ಹಾಕುವಾಗ ‘ಲ್ವಿ’.

ನದಿಮೂಲ:
‘ಇ’ಯ ಜೊತೆಗೇ ಒಂದು ಅಪವಾದ. ‘ಪಾಂಸೆ ಆ’ (ಬಗ್ಗೆ ಯೋಚಿಸು) ಮತ್ತು ‘ಸೆಂತೆರೆಸೆ ಆ’ (ಆಸಕ್ತಿ ತೋರು): ಇವುಗಳಲ್ಲಿ ‘ಆ’ ಇದ್ದರೂ ಮನುಷ್ಯರಿಗೆ ಮುಂದೆ ಬರುವ ‘ಲ್ವಿ’ ಬಳಸುವಂತಿಲ್ಲ. ‘ಜ಼ ಪಾಂಸ್ ಆ ಲ್ವಿ’ ಎಂದು ಕ್ರಿಯಾಪದದ ಹಿಂದೆಯೇ (ಅಂದರೆ ಅದಾದ ಮೇಲೆ) ಬಿಡಬೇಕು. ಹೆಂಗಸಾದರೆ ‘ಆ ಎಲ್’. ಹಿಂದೆ ನಿಲ್ಲುವ ಈ ‘ಲ್ವಿ’ ಗಂಡಸಿಗೆ ಮಾತ್ರ, ಮುಂದೆ ನಿಲ್ಲುವ ‘ಲ್ವಿ’ ಇಬ್ಬರಿಗೂ. ಒಂದೇ ಪದದಂತೆ ಕಂಡರೂ ಕೆಲಸ ಬೇರೆ.

ಸಂಜೆತರಗತಿ:
4ನೇ ವಾಕ್ಯವನ್ನು ಯಾರೂ ಮುಟ್ಟಿಲ್ಲ. ಐದರಲ್ಲಿ ಅದೇ ಅತಿ ಮುಖ್ಯ ಎನ್ನುವುದು ನನ್ನ ಅಭಿಪ್ರಾಯ.

‘ಬೀಗದ ಕೈ ಕೊಟ್ಯಾ?’ ‘ಕೊಟ್ಟೆ.’ ಕನ್ನಡದಲ್ಲಿ ಇದು ಪೂರ್ಣ ಉತ್ತರ. ಯಾರು, ಏನನ್ನು, ಯಾರಿಗೆ ಮೂರನ್ನೂ ಬಿಟ್ಟರೂ ಏನೂ ಕೊರತೆ ಕಾಣುವುದಿಲ್ಲ. ಫ್ರೆಂಚಿನಲ್ಲಿ ‘ಜ಼ೆ ದೊನೆ’ ಎಂದರೆ ಕೇಳುವವನು ಮುಂದಿನ ಪದಕ್ಕೆ ಕಾಯುತ್ತಾನೆ. ‘ಜ಼ ಲಾ ಲ್ವಿ ಎ ದೊನೆ’ ಆಗಬೇಕು. ಓದಿದೆ ಎನ್ನಲು ‘ಜ಼ ಲೆ ಲ್ಯು’. ‘ಜ಼ೆ ಲ್ಯು’ ಎಂದರೆ ಓದುವ ಕೆಲಸ ಮಾಡಿದೆ ಎಂದಷ್ಟೇ, ಆ ಪುಸ್ತಕವನ್ನು ಓದಿದೆ ಎಂದಲ್ಲ. ‘ಲ’ ಹಾಕಬೇಕೋ ‘ಲ್ವಿ’ ಹಾಕಬೇಕೋ ಎಂಬ ಗೊಂದಲ ಬರವಣಿಗೆಯಲ್ಲಿ ಎದ್ದು ಕಾಣುತ್ತದೆ. ಏನನ್ನೂ ಹಾಕದಿರುವುದು ಮಾತಿನಲ್ಲಿ ಸದ್ದಿಲ್ಲದೆ ದಾಟಿಹೋಗುತ್ತದೆ, ಹಾಗಾಗಿ ಬೇಗ ತಿದ್ದಿಕೊಳ್ಳುವುದಿಲ್ಲ.

‘ಗೊತ್ತು’ ಎನ್ನುವಾಗಲೂ ಹೀಗೇ. ಹೇಳಿದ ಇಡೀ ಸಂಗತಿಯನ್ನು ‘ಲ’ ಹೊರುತ್ತದೆ: ‘ಜ಼ ಲ ಸೆ’. ಇನ್ನು ‘ಕಾಫಿ ಬೇಕಾ?’ ಎಂದು ಕೇಳಿದರೆ ‘ಲ’ ಅಲ್ಲ, ‘ಆಂ’. ಗೊತ್ತುಮಾಡದ ಪ್ರಮಾಣಕ್ಕೂ ಎಣಿಕೆಗೂ ಅದೇ: ನನ್ನ ಹತ್ತಿರ ಮೂರಿವೆ, ‘ಜ಼ಾಂನೆ ತ್ರ್ವಾ’. ಇಲ್ಲಿ ‘ಮೂರಿವೆ’ ಎಂದಷ್ಟೇ ಹೇಳಿ ‘ಆಂ’ ಬಿಡುವುದೂ ಕನ್ನಡದ ಪ್ರಭಾವವೇ.

ಮಾಂಟ್ರಿಯಲ್_ಚಳಿ:
ಒಪ್ಪುತ್ತೇನೆ, ಆದರೆ ಕಿವಿಗೆ ಬೀಳುವ ಫ್ರೆಂಚಿನ ಬಗ್ಗೆ ಒಂದು ತಿದ್ದುಪಡಿ. ‘ಲ ಲ್ವಿ’ ಅಥವಾ ‘ಲಾ ಲ್ವಿ’ ಜೊತೆಯಾಗಿ ಬಂದಾಗ ಫ್ರೆಂಚರೇ ಬೇಗ ಮಾತಾಡುವಾಗ ಮೊದಲಿನದನ್ನು ನುಂಗುತ್ತಾರೆ. ‘ಜ಼ ಲ್ವಿ ಎ ದೊನೆ’ ಎಂದು ಕೇಳಿಸಿದರೆ ‘ಅದನ್ನು ಅವನಿಗೆ ಕೊಟ್ಟೆ’ ಎಂದೇ ಅರ್ಥ ಮಾಡಿಕೊಳ್ಳಿ. ಬರೆಯುವಾಗ, ಪರೀಕ್ಷೆಯಲ್ಲಿ ಹೇಳುವಾಗ ಎರಡೂ ಬೇಕು.

ಕೆಬೆಕ್ ಪ್ರಾಂತ್ಯದಲ್ಲಿ ಇರುವವರು ಇನ್ನೊಂದು ಕೇಳುತ್ತೀರಿ. ‘ಅದನ್ನು ನನಗೆ ಕೊಡಬೇಡ’ ಎನ್ನಲು ವ್ಯಾಕರಣದ ರೂಪ ‘ನ ಮ ಲ ದೊನ್ ಪಾ’. ಅಲ್ಲಿನ ಆಡುಮಾತಿನಲ್ಲಿ ‘ದೊನ್-ಮ್ವಾ-ಲ ಪಾ’. ಅರ್ಥ ಮಾಡಿಕೊಳ್ಳಲು ಇದು ಗೊತ್ತಿರಬೇಕು, ಟಿಸಿಎಫ್ ಅಥವಾ ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಹಾಳೆಗೆ ಇಳಿಸಬೇಡಿ.

ಕಿವಿಗೇ ಸಂಬಂಧಿಸಿದ ಮತ್ತೊಂದು ಸೂಕ್ಷ್ಮ. ‘ಅವನನ್ನು ನೋಡಿದೆ’ ಎಂದರೆ ‘ಜ಼ ಲೆ ವ್ಯು’. ‘ಅವರನ್ನೆಲ್ಲ ನೋಡಿದೆ’ ಎಂದರೆ ‘ಜ಼ ಲೆಜ಼ೆ ವ್ಯು’. ಮೊದಲನೆಯದರಲ್ಲಿ ‘ಲೆ’ ಬಹುವಚನವಲ್ಲ, ‘ಲ’ ಮತ್ತು ‘ಎ’ ಕೂಡಿ ಆದದ್ದು. ಏಕವಚನ ಬಹುವಚನಗಳ ನಡುವೆ ಕಿವಿಗೆ ಸಿಗುವ ವ್ಯತ್ಯಾಸ ಆ ಒಂದು ‘ಜ಼’ಕಾರ ಮಾತ್ರ.

ಅಂಚೆಪೆಟ್ಟಿಗೆ:
ಈಗ ಎರಡು ಸರ್ವನಾಮಗಳ ಕ್ರಮ. ಕನ್ನಡದಲ್ಲಿ ‘ನನಗೆ ಅದನ್ನು ಕೊಡು’, ‘ಅದನ್ನು ನನಗೆ ಕೊಡು’ ಎರಡೂ ನಡೆಯುತ್ತವೆ, ವಿಭಕ್ತಿ ಅರ್ಥವನ್ನು ಕಾಯುತ್ತದೆ. ಫ್ರೆಂಚಿನಲ್ಲಿ ಜಾಗ ಕದಲುವಂತಿಲ್ಲ. ಕ್ರಿಯಾಪದದ ಮುಂದೆ ಎಡದಿಂದ ಬಲಕ್ಕೆ ಐದು ಮನೆಗಳು:

ಮ, ತ, ಸ, ನು, ವು → ಲ, ಲಾ, ಲೆ → ಲ್ವಿ, ಲರ್ → ಇ → ಆಂ

ಒಂದು ಮನೆಯಿಂದ ಒಂದೇ. ಮೊದಲನೆಯ ಮತ್ತು ಮೂರನೆಯ ಮನೆ ಒಟ್ಟಿಗೆ ಬರುವಂತಿಲ್ಲ. 5ನೇ ವಾಕ್ಯ ಬಿದ್ದದ್ದು ಇಲ್ಲೇ: ‘ತ’ ಮತ್ತು ‘ಲ್ವಿ’ ಎರಡನ್ನೂ ಮುಂದೆ ಇಟ್ಟಿದೆ. ಆಗ ಪರೋಕ್ಷ ಕರ್ಮವನ್ನು ಹಿಂದಕ್ಕೆ ಕಳಿಸಬೇಕು: ‘ಜ಼ ತ ಪ್ರೆಜ಼ಾಂತ್ ಆ ಲ್ವಿ’. ಅದೇ ‘ಅವನನ್ನು ನಿನಗೆ ಪರಿಚಯಿಸುತ್ತೇನೆ’ ಆದರೆ ‘ಜ಼ ತ ಲ ಪ್ರೆಜ಼ಾಂತ್’, ತೊಂದರೆಯಿಲ್ಲ.

ಒಂದೇ ವಾಕ್ಯವನ್ನು ಎಂಟು ಸಲ ತಿರುಗಿಸುವ ಅಭ್ಯಾಸ ನೂರು ಬೇರೆ ಬೇರೆ ವಾಕ್ಯಗಳಿಗಿಂತ ಹೆಚ್ಚು ಫಲ ಕೊಡುತ್ತದೆ:

ಜ಼ ದೊನ್ ಲಾ ಕ್ಲೆ ಆ ರವಿ (ರವಿಗೆ ಬೀಗದ ಕೈ ಕೊಡುತ್ತೇನೆ)
ಜ಼ ಲಾ ದೊನ್ ಆ ರವಿ
ಜ಼ ಲ್ವಿ ದೊನ್ ಲಾ ಕ್ಲೆ
ಜ಼ ಲಾ ಲ್ವಿ ದೊನ್
ಜ಼ ನ ಲಾ ಲ್ವಿ ದೊನ್ ಪಾ
ಜ಼ ನ ಲಾ ಲ್ವಿ ಎ ಪಾ ದೊನೆ
ಜ಼ ವೆ ಲಾ ಲ್ವಿ ದೊನೆ
ದೊನ್-ಲಾ-ಲ್ವಿ!

ಏಳನೆಯದನ್ನು ಗಮನಿಸಿ. ಎರಡು ಕ್ರಿಯಾಪದ ಇದ್ದಾಗ ಸರ್ವನಾಮ ಯಾವುದರ ಕರ್ಮವೋ ಅದರ ಮುಂದೆ, ಅಂದರೆ ಎರಡನೆಯದರ ಮುಂದೆ. ‘ಜ಼ ಲಾ ಲ್ವಿ ವೆ ದೊನೆ’ ತಪ್ಪು. ಭೂತಕಾಲದಲ್ಲಿ ಮಾತ್ರ ಸಹಾಯಕ ಕ್ರಿಯಾಪದದ ಮುಂದೆ. ಈ ಎರಡನ್ನು ಕಲಸುವುದರಿಂದಲೇ ಅರ್ಧ ತಪ್ಪು ಹುಟ್ಟುತ್ತವೆ.

ಆಜ್ಞಾರ್ಥದಲ್ಲಿ ಸರ್ವನಾಮ ಹಿಂದೆ ಹೋಗುತ್ತದೆ, ನೇರ ಕರ್ಮ ಮೊದಲು, ‘ಮ’ ಹೋಗಿ ‘ಮ್ವಾ’ ಆಗುತ್ತದೆ: ‘ದೊನ್-ಲ-ಮ್ವಾ’. ‘ಆಂ’ ಜೊತೆ ಸೇರಿದರೆ ‘ಮ್ವಾ’ ಮತ್ತೆ ಕುಗ್ಗಿ ‘ದೊನ್-ಮಾಂ’. ಬೇಡ ಎನ್ನುವಾಗ ಎಲ್ಲವೂ ಮೊದಲಿನ ಐದು ಮನೆಗೇ ವಾಪಸ್. ‘ಇ’ ಅಥವಾ ‘ಆಂ’ ಹಿಂದೆ ಬಂದರೆ ಕ್ರಿಯಾಪದಕ್ಕೆ ಬಿಟ್ಟುಹೋಗಿದ್ದ ‘ಎಸ್’ ಅಕ್ಷರ ಮರಳುತ್ತದೆ, ಉಚ್ಚಾರದಲ್ಲಿ ‘ಜ಼’ ಕೇಳುತ್ತದೆ: ‘ವಾಜ಼ಿ’, ‘ಪಾರ್ಲ್‌ಜ಼ಾಂ’.

ಹಳೆಪದ:
ಹಳೆಯ ಪಠ್ಯ ಓದುವವರಿಗೆ ಒಂದು ಟಿಪ್ಪಣಿ. 17ನೇ ಶತಮಾನದ ಬರಹದಲ್ಲಿ ‘ಜ಼ ಲ ವ ವ್ವಾರ್’ (ಅವನನ್ನು ನೋಡಲು ಬಯಸುತ್ತೇನೆ) ಎಂಬ ಕ್ರಮ ಧಾರಾಳವಾಗಿ ಸಿಗುತ್ತದೆ, ಈಗ ‘ಜ಼ ವ ಲ ವ್ವಾರ್’. ಇನ್ನೂ ಹಿಂದಕ್ಕೆ ಹೋದರೆ ‘ಜ಼ ಲ ತ’ ಎಂಬ ಕ್ರಮವೂ ಇತ್ತು. ಅದು ತಪ್ಪಲ್ಲ, ಆ ಕಾಲದ ವ್ಯಾಕರಣ.

‘ಲರ್’ ಬಗ್ಗೆಯೂ. ಇದು ಲ್ಯಾಟಿನ್ನಿನ ‘ಇಲ್ಲೋರುಮ್’ನಿಂದ ಬಂದದ್ದು, ಅದು ಆಗಲೇ ಬಹುವಚನ. ಹಾಗಾಗಿ ‘ಅವರಿಗೆ’ ಎಂಬ ಸರ್ವನಾಮವಾದಾಗ ಅದಕ್ಕೆ ಎಂದೂ ‘ಎಸ್’ ಹಚ್ಚುವುದಿಲ್ಲ. ‘ಅವರ ಮಕ್ಕಳು’ ಎನ್ನುವಾಗ ಬರುವ ‘ಲರ್’ಗೆ ಮಾತ್ರ ‘ಎಸ್’.

ನದಿಮೂಲ:
ಕನ್ನಡ ಮತ್ತೆ ಕೈಹಿಡಿಯುವ ಜಾಗವೊಂದು ಉಳಿದಿದೆ: ನಮ್ಮ ‘ಇಸು’ ಪ್ರತ್ಯಯ. ಫ್ರೆಂಚಿನಲ್ಲಿ ‘ಫೆರ್’ ಜೊತೆ ಇನ್ನೊಂದು ಕ್ರಿಯಾಪದ ಸೇರಿ ಪ್ರೇರಣಾರ್ಥಕ ಆಗುತ್ತದೆ. ರಿಪೇರಿ ಮಾಡಿಸುತ್ತೇನೆ: ‘ಜ಼ ಲ ಫೆ ರೆಪಾರೆ’. ಅಂಚೆಪೆಟ್ಟಿಗೆ ಹೇಳಿದ ನಿಯಮಕ್ಕೆ ಇದು ಅಪವಾದ, ಸರ್ವನಾಮ ಮೊದಲನೆಯ ಕ್ರಿಯಾಪದದ ಮುಂದೆ. ‘ಮಾಡಿಸು’ ಒಂದೇ ಪದವಾದಂತೆ ಇವೆರಡನ್ನೂ ಒಂದೇ ಎಂದು ಭಾವಿಸಿದರೆ ತಾನಾಗಿ ಸರಿಹೋಗುತ್ತದೆ.

ವಿಭಕ್ತಿಯೂ ಹೊಂದುತ್ತದೆ. ಅವನನ್ನು ನಗಿಸಿದೆ: ‘ಜ಼ ಲೆ ಫೆ ರೀರ್’. ಅವನಿಗೆ ಸೇಬು ತಿನ್ನಿಸಿದೆ: ‘ಜ಼ ಲ್ವಿ ಎ ಫೆ ಮಾಂಜ಼ೆ ಯುನ್ ಪೊಮ್’. ಬೇರೆ ಕರ್ಮ ಇಲ್ಲದಿದ್ದರೆ ಮನುಷ್ಯನಿಗೆ ‘ಅನ್ನು’, ಸೇಬು ಬಂದ ಕೂಡಲೇ ಮನುಷ್ಯನಿಗೆ ‘ಗೆ’. ಎರಡು ಭಾಷೆಗಳಲ್ಲೂ ಒಂದೇ ಲೆಕ್ಕ. ಫ್ರೆಂಚ್ ವ್ಯಾಕರಣದಲ್ಲಿ ಕಷ್ಟದ ಪಾಠ ಎನಿಸಿಕೊಂಡದ್ದು ನಮಗೆ ಆಗಲೇ ಬರುತ್ತದೆ.

ಕುಶಲಪ್ರಶ್ನೆ:
ಎಲ್ಲರಿಗೂ ವಂದನೆ. ಉಳಿದದ್ದು ಭೂತಕಾಲದ ಬಾಲ. ನೇರ ಕರ್ಮ ಮುಂದೆ ಬಂದಾಗ ಕೃದಂತಕ್ಕೆ (ಸಹಾಯಕ ಕ್ರಿಯಾಪದದ ಜೊತೆ ಬರುವ ‘ವ್ಯು’, ‘ದೊನೆ’ಯಂಥ ರೂಪಕ್ಕೆ) ಲಿಂಗ, ವಚನ ಹತ್ತಬೇಕು. ಹಾಗಾದರೆ ‘ಅವಳು ನಮ್ಮನ್ನು ನೋಡಿದಳು’, ‘ಅವಳು ನಮ್ಮೊಡನೆ ಮಾತಾಡಿದಳು’ ಎರಡರಲ್ಲೂ ‘ನು’ ಮುಂದಿದೆ. ಎರಡಕ್ಕೂ ಬಹುವಚನದ ‘ಎಸ್’ ಬರೆಯುವುದು ಸರಿಯೇ?

ಹಳೆಪದ:
ಇಲ್ಲ. ‘ಎಲ್ ನುಜ಼ಾ ವ್ಯು’ದಲ್ಲಿ ‘ನು’ ನೇರ ಕರ್ಮ, ‘ಎಸ್’ ಬರಬೇಕು. ‘ಎಲ್ ನುಜ಼ಾ ಪಾರ್ಲೆ’ಯಲ್ಲಿ ‘ಪಾರ್ಲೆ ಆ’, ಪರೋಕ್ಷ, ಬಾಲ ಬರುವುದಿಲ್ಲ. ‘ನು’ ರೂಪ ನೋಡಿದರೆ ಉತ್ತರ ಸಿಗುವುದಿಲ್ಲ, ಅದರ ಜಾಗದಲ್ಲಿ ‘ಅವನು’ ಇಟ್ಟು ನೋಡಿ: ‘ಲ’ ಬಂದರೆ ಹಚ್ಚಿ, ‘ಲ್ವಿ’ ಬಂದರೆ ಬಿಡಿ. ‘ಆಂ’ಗೂ ಸಾಮಾನ್ಯವಾಗಿ ಬಾಲ ಬೇಡ. ‘ಫೆರ್’ ಪ್ರೇರಣಾರ್ಥಕವಾದಾಗ ಅದರ ಕೃದಂತ ಬದಲಾಗುವುದೇ ಇಲ್ಲ. 1990ರ ಡಿಸೆಂಬರಿನಲ್ಲಿ ಫ್ರಾನ್ಸಿನ ಅಧಿಕೃತ ಪತ್ರಿಕೆಯಲ್ಲಿ ಪ್ರಕಟವಾದ ಕಾಗುಣಿತ ಸುಧಾರಣೆ ‘ಲೆಸೆ’ಯ ಕೃದಂತವನ್ನೂ ಇನ್ನೊಂದು ಕ್ರಿಯಾಪದದ ಮುಂದೆ ಹಾಗೇ ಬಿಡಬಹುದು ಎಂದಿದೆ.

ಬಹುಪಾಲು ಕ್ರಿಯಾಪದಗಳಲ್ಲಿ ಬಾಲ ಕಣ್ಣಿಗೆ ಮಾತ್ರ. ಕೆಲವದರಲ್ಲಿ ಕೇಳಿಸುತ್ತದೆ, ಅಲ್ಲಿ ತಪ್ಪಿದರೆ ಮಾತಿನಲ್ಲೂ ಗೊತ್ತಾಗುತ್ತದೆ. ಪುಸ್ತಕ ಇಟ್ಟೆ ಎಂದರೆ ‘ಮಿ’, ಬೀಗದ ಕೈ ಇಟ್ಟೆ ಎಂದರೆ ‘ಮಿಜ಼್’. ಬಾಗಿಲು ತೆಗೆದೆ ‘ಉವೆರ್ತ್’, ಪತ್ರ ಬರೆದೆ ‘ಎಕ್ರಿತ್’, ಫೋಟೋ ತೆಗೆದೆ ‘ಪ್ರಿಜ಼್’. ಈ ನಾಲ್ಕನ್ನೂ ಇಂಥ ಇತರವನ್ನೂ ಬಾಯಲ್ಲಿ ಪಳಗಿಸಿದರೆ ಉಳಿದವು ಬರವಣಿಗೆಯ ಮಟ್ಟಿಗಷ್ಟೇ.

ಸಂಜೆತರಗತಿ:
ದೇಹದ ಭಾಗಗಳನ್ನೂ ಇದಕ್ಕೇ ಸೇರಿಸಿ. ಕನ್ನಡದಲ್ಲಿ ‘ಅವನ ಕೂದಲು ಕತ್ತರಿಸಿದರು’ ಎಂದು ಷಷ್ಠಿ, ಫ್ರೆಂಚಿನಲ್ಲಿ ‘ಅವನಿಗೆ ಕೂದಲು ಕತ್ತರಿಸಿದರು’ ಎಂಬಂತೆ ‘ಲ್ವಿ’. ತನ್ನ ಕೈ ತಾನು ತೊಳೆದುಕೊಂಡಳು ಎಂದರೆ ‘ಎಲ್ ಸೆ ಲಾವೆ ಲೆ ಮೆಂ’. ಇಲ್ಲಿ ತೊಳೆದದ್ದು ಕೈಯನ್ನು, ಕೈ ಕ್ರಿಯಾಪದದ ಹಿಂದಿದೆ, ‘ಸ’ ಪರೋಕ್ಷ. ಆದ್ದರಿಂದ ಕೃದಂತಕ್ಕೆ ಸ್ತ್ರೀಲಿಂಗದ ಬಾಲ ಇಲ್ಲ. ‘ಲೆ ಮೆಂ’ ಬಿಟ್ಟು ‘ಎಲ್ ಸೆ ಲಾವೆ’ ಎಂದಷ್ಟೇ ಬರೆದರೆ ‘ಸ’ ನೇರ ಕರ್ಮವಾಗಿ ಬಾಲ ಬರುತ್ತದೆ.

ಕುಶಲಪ್ರಶ್ನೆ:
ಹಾಗಾದರೆ ಕೈ ಮುಂದೆ ಬಂದು ‘ಎಲ್ ಸ ಲೆಜ಼ೆ ಲಾವೆ’, ಅಂದರೆ ‘ಅವುಗಳನ್ನು ತೊಳೆದುಕೊಂಡಳು’ ಆದಾಗ?

ಸಂಜೆತರಗತಿ:
ಆಗ ‘ಲೆ’ ನೇರ ಕರ್ಮ, ಮುಂದೆ ಇದೆ, ‘ಮೆಂ’ ಸ್ತ್ರೀಲಿಂಗ ಬಹುವಚನ. ಕೃದಂತಕ್ಕೆ ಸ್ತ್ರೀಲಿಂಗದ ಅಕ್ಷರವೂ ‘ಎಸ್’ ಕೂಡ ಹತ್ತುತ್ತವೆ. ಕೈಗಳಿಗಾಗಿ, ಅವಳಿಗಾಗಿ ಅಲ್ಲ.